ಎರಡು ತಂತಿ, ಬೈತಖೋಲ

ಜೂನಿನ ಮಳೆ. ಬಂದರು ಬಂದ್.
ಬೋಟುಗಳೆಲ್ಲ ಒಂದರ ಪಕ್ಕೆಗೊಂದು ಒರಗಿ
ಹಳೆ ಟಯರು ಕಚ್ಚಿಕೊಂಡು ನಿಂತಿವೆ.
ನಾನು ಕಾತ್ಯಾಯಿನಿಯ ಕ್ಯಾಬಿನ್ ಹತ್ತುವಾಗ
ಪುರ್ಸು ತಾಂಡೇಲ ಮುಖ ಆಚೆ ತಿರುಗಿಸಿದ.
ಹೆಂಗಸಿನ ಕಾಲು ಬೋಟಿಗೆ ತಾಗಬಾರದಂತೆ.
ಆದರೆ ಕಂಪನಿಯವನು ಬರೆದುಕೊಟ್ಟ ರೇಟು
ಒಂದು ಲಕ್ಷ ಅರವತ್ತು ಸಾವಿರ,
ನನ್ನದು ಮೂರು ಸಾವಿರದ ಇನ್ನೂರು, ಚಹಾ ಬೇರೆ.
ಶಾಸ್ತ್ರವೂ ಸ್ವಲ್ಪ ಹೊತ್ತು ಮುಖ ತಿರುಗಿಸಿಕೊಂಡಿತು.

ಒಳಗೆ ಮೂರು ಪೆಟ್ಟಿಗೆ. ಮೂರೂ ಒಂಟಿ.
ಜಿಪಿಎಸ್ಸಿಗೆ ಗೊತ್ತು ನಾವೆಲ್ಲಿದ್ದೇವೆಂದು,
ಯಾರಿಗೂ ಹೇಳುವುದಿಲ್ಲ.
ಫಿಶ್ ಫೈಂಡರು ಇಪ್ಪತ್ತೆರಡು ಮಾರು ಆಳ, ಕೆಸರು ತಳ,
ಅದರ ಮೇಲೆ ಬಂಗಡೆಯ ಹಿಂಡು
ಕೆಂಪು ಮೋಡದ ಹಾಗೆ ಎಂದು ತೋರಿಸಿ
ಮರುಗಳಿಗೆ ಮರೆಯುತ್ತದೆ.
ಮತ್ತೆ ಈ ವೈರ್‌ಲೆಸ್ಸು: ಮುಚ್ಚಳದ ಕೆಳಗೊಂದು ಕೆಂಪು ಗುಂಡಿ,
ಒತ್ತಿದರೆ ಕಾಪಾಡಿ ಎಂದು ಕಿರುಚಬಲ್ಲದು,
ಎಲ್ಲಿಂದ ಎಂದು ಹೇಳಲಾರದು.

ಹೋದ ಕಾರ್ತಿಕದಲ್ಲಿ ಪುರ್ಸುವಿನ ಭಾವಮೈದುನ
ಹಾಗೆ ಕಿರುಚಿದ್ದು ಇಡೀ ಬಂದರು ಕೇಳಿತ್ತು.
ಇಲ್ಲೇ, ಇಲ್ಲೇ ಇದ್ದೇವೆ ಅಂದಿದ್ದ.
ಸಮುದ್ರದಲ್ಲಿ ಇಲ್ಲೇ ಎಂಬುದು ಬಹಳ ದೊಡ್ಡ ಊರು.
ಪುರ್ಸು ಆ ಮಾತು ಎತ್ತಲಿಲ್ಲ, ನಾನು ಕೇಳಲಿಲ್ಲ.
ಇಕ್ಕಳ ಕೊಡಿ ಅಂದೆ.

ಎರಡು ತಂತಿ ಸಾಕು,
ಹೇಳುವವನ ಬಾಯಿಂದ ಕೇಳುವವನ ಕಿವಿಗೆ.
ಒಬ್ಬ ಹೇಳಿದರೆ ಮೂವರು ಕೇಳಬಹುದು;
ಇಬ್ಬರು ಒಟ್ಟಿಗೆ ಬಾಯಿ ಬಿಟ್ಟರೆ ಎಲ್ಲ ಕಲಸುಮೇಲೋಗರ,
ಬೆಳಗಿನ ಹರಾಜುಕಟ್ಟೆಯ ಹಾಗೆ.
ಅದಕ್ಕೇ ನಡುವೆ ಬೆಂಕಿಪೊಟ್ಟಣದಷ್ಟು ಒಂದು ಬೋರ್ಡು,
ನಾನೂರ ಎಂಬತ್ತು ರೂಪಾಯಿ, ಹುಬ್ಬಳ್ಳಿ ಬಸ್ಸಿನ ಪಾರ್ಸೆಲ್ಲು.
ಅದು ಎಲ್ಲರನ್ನೂ ಸರದಿಯಲ್ಲಿ ನಿಲ್ಲಿಸುತ್ತದೆ,
ಕೇಳಿದ್ದನ್ನೆಲ್ಲ ಗಾಳಿಯಲ್ಲಿ ಒಂದು ಹಳೆ ಮೊಬೈಲಿಗೆ ಕಳಿಸುತ್ತದೆ.
ಮೊಬೈಲು ತಾಂಡೇಲನ ಮಗಳದ್ದು, ಗಾಜು ಬಿರಿದಿದೆ,
ಬೆನ್ನಿಗೆ ಇನ್ನೂ ಚಿಟ್ಟೆಯ ಸ್ಟಿಕರು.
ಬೋರ್ಡಿಗೆ ಮನೆ, ಬಿಗಿ ಮುಚ್ಚಳದ ಉಪ್ಪಿನಕಾಯಿ ಡಬ್ಬಿ.
ಮೂರು ಸಲ ತೊಳೆದೆ; ಅಪ್ಪೆಮಿಡಿಯ ಘಮ ಹೋಗಿಲ್ಲ.
ಬೆಸುಗೆ ಬೆಸುಗೆಗೂ ವ್ಯಾಸಲೀನು,
ಇಲ್ಲವಾದರೆ ಉಪ್ಪುಗಾಳಿ ತಾಮ್ರವನ್ನು ಹಸಿರು ಮಾಡಿ ತಿನ್ನುತ್ತದೆ.
ಕಾಸು ಉಳಿಸಲೆಂದೇ ಬಂದವಳು
ಫ್ಯೂಜಿನಲ್ಲಿ ಮಾತ್ರ ಉಳಿಸಲಿಲ್ಲ.

ಇವು ಯಾವ ಭಾಷೆ ಆಡುತ್ತವೆ, ಪುರ್ಸು ಕೇಳಿದ,
ಕೊಂಕಣಿಯೋ ಕನ್ನಡವೋ?
ಲ್ಯಾಪ್‌ಟಾಪು ತಿರುಗಿಸಿ ತೋರಿಸಿದೆ:
ಡಾಲರ್ ಗುರುತಿನಿಂದ ಶುರು, ಅಲ್ಪವಿರಾಮ, ಅಲ್ಪವಿರಾಮ,
ಹದಿನಾಲ್ಕು ಡಿಗ್ರಿ ನಲವತ್ತೆಂಟು, ಎಪ್ಪತ್ತನಾಲ್ಕು ಆರು,
ಕೊನೆಗೊಂದು ನಕ್ಷತ್ರ, ಅದರಾಚೆ ಎರಡಕ್ಷರದ ತಾಳೆ.
ಆಡಿದ್ದಷ್ಟನ್ನೂ ಕೂಡಿ ಅಲ್ಲಿ ಬರೆಯುತ್ತದೆ;
ಲೆಕ್ಕ ತಪ್ಪಿದ ಮಾತನ್ನು ಮುಂದಿನವನು ನಂಬುವುದಿಲ್ಲ.
ನಮ್ಮ ಸೊಸೈಟಿ ಸೆಕ್ರೆಟರಿಗೂ ಒಂದು ಕೂರಿಸು ಅಂದ.

ಆಮೇಲೆ ತಾನೇ, ಯಾರೂ ಕೇಳದೆ:
ಅಪ್ಪನಿಗೆ ಇದೆಲ್ಲ ಬೇಕಿರಲಿಲ್ಲ.
ದೇವಗಡದ ದೀಪ ಗುಡ್ಡೆಹಳ್ಳಿ ನೆತ್ತಿಗೆ ಕೂಡಿದರೆ ಒಂದು ಗೆರೆ,
ಕೂರ್ಮಗಡದ ಮೂಗು ಸದಾಶಿವಗಡಕ್ಕೆ ಕೂಡಿದರೆ ಇನ್ನೊಂದು,
ಎರಡೂ ಹಾಯುವಲ್ಲಿ ಬಲೆ.
ಅದೂ ಎರಡು ತಂತಿಯೇ ಅಂದೆ.
ಹೌದೆನ್ನಲಿಲ್ಲ. ಬೀಡಿ ಹಚ್ಚಲು ಹೋಗಿ,
ಡೀಸೆಲ್ಲಿನ ವಾಸನೆ ಬಡಿದು, ಕಿವಿಗೆ ಸಿಕ್ಕಿಸಿಕೊಂಡ.

ಸಂಜೆ ಸ್ವಿಚ್ಚು ಒತ್ತಿದೆ. ಏನೂ ಇಲ್ಲ.
ಹಳದಿ, ಹಸಿರು ಅದಲುಬದಲು; ನನ್ನದೇ ತಪ್ಪು.
ತಂತಿ ಬದಲಿಸಿ ಮತ್ತೆ ಒತ್ತಿದಾಗ
ವೈರ್‌ಲೆಸ್ಸಿನ ಪುಟ್ಟ ಪರದೆಯಲ್ಲಿ
ಬರೀ ಅಡ್ಡಗೆರೆಗಳಿದ್ದ ಜಾಗಕ್ಕೆ ಅಂಕಿಗಳು ಬಂದು ಕೂತವು
ಚಪ್ಪಲಿ ಬಿಟ್ಟು ಒಳಬಂದವರ ಹಾಗೆ.
ಪುರ್ಸು ಬೆರಳಿಟ್ಟು ಓದಿದ.
ಕೊನೆಯ ಅಂಕಿ ನಿಲ್ಲುತ್ತಿರಲಿಲ್ಲ,
ಕಟ್ಟಿದ ಬೋಟು ಹಗ್ಗದಷ್ಟು ಅಲುಗಿದ್ದಕ್ಕೆ.
ಇಲ್ಲೇ, ಅಂದ, ಯಾರಿಗೋ.

ದುಡ್ಡು ಎಣಿಸಿದ; ಇನ್ನೂರು ಕಡಿಮೆ.
ನೂಲಹುಣ್ಣಿಮೆ ಕಳೆದು ಬಂಗಡೆ ಬರಲಿ ಅಂದ.
ಆಗಲಿ ಅಂದೆ.
ಎಲ್ಲಿ ಹುಡುಕಬೇಕೆಂದು ನನಗೀಗ ಗೊತ್ತಿದೆ.